ದೊಡ್ಡಪ್ಪನ ವಿಮಾನದ ಎಂಜಿನ್ನು

ತೀರಿಹೋದ ದೊಡ್ಡಪ್ಪ ಚಂದ್ರಣ್ಣನ ಟ್ರಂಕಿನಲ್ಲಿ ನಿಜಕ್ಕೂ ಹಾರುವ ಆಟದ ವಿಮಾನದ ಹಳೇ ಎಂಜಿನ್ನೊಂದು ಸಿಕ್ಕಾಗಿನಿಂದ ಆದೋನಿಯ ಹತ್ತಿ ವ್ಯಾಪಾರಿ ಸೋಮೇಶನಿಗೆ ಬೇರೆ ಧ್ಯಾನವೇ ಇರಲಿಲ್ಲ. ನಿಂಬೆಹಣ್ಣಿನಷ್ಟಿದ್ದ ಅದು ಬಿಗಿದುಕೊಂಡು ಕೂತಿತ್ತು. ಮುಂದಿನ ಫ್ಯಾನು ಅಲುಗಾಡುತ್ತಿರಲಿಲ್ಲ. ಅದನ್ನು ಬಿಡಿಸುವ ದಾರಿಯನ್ನು ತಿಂಗಳುಗಟ್ಟಲೆ ಫೋನಿನಲ್ಲಿ ಹುಡುಕಿದ. ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳಿದರು. ಒಬ್ಬ ಅದು ಇಂಗ್ಲೆಂಡಿನದೆಂದ, ಇನ್ನೊಬ್ಬ ಕಲ್ಕತ್ತೆಯದೆಂದ, ಮತ್ತೊಬ್ಬ ಪ್ಲಗ್ಗೇ ಕಳೆದುಹೋಗಿದೆಯೆಂದು ಮರುಗಿದ. "ಏನ್ ಹುಡುಕ್ತೀಯಪಾ?" ಎಂದು ದೊಡ್ಡವ್ವ ಮಹಾಂತಮ್ಮ ಕೇಳಿದರೆ, "ನಿನಗ ತಿಳಿಯಂಗಿಲ್ಲ ಬಿಡು" ಎಂದುಬಿಟ್ಟಿದ್ದ.

ಕೊನೆಗೆ ಯಾವುದೋ ವಿಡಿಯೋ ನಂಬಿ ಫ್ಯಾನನ್ನು ಇಕ್ಕಳದಲ್ಲಿ ಹಿಡಿದು ತಿರುವಿದ. ಒಳಗಿನ ಶಾಫ್ಟು ಟಕ್ಕೆಂದು ಮುರಿಯಿತು.

ಮಹಾಂತಮ್ಮ ಬಂದು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇದಕ್ಕ ಔಡಲ ಎಣ್ಣಿ ಹಾಕ್ತಿದ್ವಿ. ಹಂಗ ಬಿಟ್ಟರ ಒಳಗ ಅಂಟು ಆಗತೈತಿ. ಬಿಸಿನೀರಿನ ಹಂಡೆ ಮ್ಯಾಲ ಅರ್ಧ ತಾಸು ಇಟ್ಟಿದ್ರ ತಾನೇ ಬಿಡ್ತಿತ್ತು. ಇದು ಡೀಸೆಲ್ ಎಂಜಿನ್ನು, ಪ್ಲಗ್ಗು ಇದಕ್ಕ ಮೊದಲಿಂದಾನೂ ಇಲ್ಲ."

"ನಿನಗ ಹೆಂಗ ಗೊತ್ತು ದೊಡ್ಡವ್ವಾ?"

"ಆಲೂರು ದಾರಿ ಹೊಲದಾಗ ಅವರು ವಿಮಾನ ಹಿಡ್ಕೊಂಡು ನಿಲ್ತಿದ್ರು. ಬೆರಳಿಲೆ ಫ್ಯಾನು ತಿರುವಿ ಚಾಲೂ ಮಾಡಾಕಿ ನಾನು. ಒಮ್ಮೆ ಬೆರಳಿಗೇ ಹೊಡೀತು."

ಅವಳು ಬಲಗೈಯ ತೋರುಬೆರಳು ಚಾಚಿದಳು. ರೊಟ್ಟಿ ಬಡಿಯುವಾಗ ಹಿಟ್ಟಿಗೆ ತಾಗದೆ ಮೇಲೆದ್ದೇ ಇರುತ್ತಿದ್ದ ಆ ಸೊಟ್ಟ ಬೆರಳನ್ನು ಸೋಮೇಶ ನಲವತ್ತು ವರ್ಷದಿಂದ ನೋಡುತ್ತ ಉಂಡಿದ್ದ. ಅದು ಯಾಕೆ ಹಾಗಾಯಿತೆಂದು ಒಂದು ದಿನವೂ ಕೇಳಿರಲಿಲ್ಲ.