ಹಲಸಿನ ಹಲಗೆ

ಗಿರಣಿಯೊಳಗೆ ಕಿವಿಗೆ ಕೆಲಸವಿಲ್ಲ, ಅಲ್ಲಿ ಎಲ್ಲವನ್ನೂ ಕೈಯೇ ಕೇಳಿಸಿಕೊಳ್ಳಬೇಕು ಎಂದು ಬಿಳಿಚೋಡಿನ ಮುರುಗೇಶಪ್ಪ ನಂಬಿದ್ದ. ಮೋಟಾರು ಶುರುವಾಯಿತೆಂದರೆ ಎದುರಿಗೆ ನಿಂತವರು ಕೂಗಿದ್ದೂ ತಿಳಿಯದು. ಆಗ ಅವನು ಗಿರಣಿಯ ಕಬ್ಬಿಣದ ಮೈಮೇಲೆ ಅಂಗೈ ಊರಿ ನಿಲ್ಲುತ್ತಿದ್ದ. ಬೆಲ್ಟು ಸಡಿಲವಾಗಿದೆಯೋ, ಕಲ್ಲಿಗೆ ಕಲ್ಲು ತಾಗುತ್ತಿದೆಯೋ, ಮೇಲೆ ಸುರಿದ ಜೋಳ ತೀರುತ್ತಾ ಬಂತೋ, ಎಲ್ಲವೂ ಆ ನಡುಕದಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಹೆಂಡತಿಯ ಕಿವಿ ಹೋದ ಮೇಲೆ ಅವನಿಗೆ ದಾರಿ ಹೊಳೆದದ್ದು ಹೀಗೆ ನಿಂತಿದ್ದಾಗಲೇ.

ಹೇಮಾವತಿ ಸೋಮವಾರದ ಭಜನೆಯಲ್ಲಿ ಮೊದಲ ದನಿ. ಬಸವಣ್ಣನ ಗುಡಿಯಲ್ಲಿ ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಅದನ್ನೇ ಹಿಡಿದು ಹಾಡುತ್ತಿದ್ದರು. ಮುರುಗೇಶಪ್ಪ ಮೂಲೆಯಲ್ಲಿ ಕೂತು ತಾಳ ಹಾಕುತ್ತಿದ್ದ. ಒಂದು ಸೋಮವಾರ ಅವಳು ಎತ್ತಿದ ಸಾಲು ಹಾರ್ಮೋನಿಯಂ ಬಿಟ್ಟು ಎಲ್ಲೋ ಹೋಯಿತು. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಮುಂದಿನ ವಾರವೂ ಹಾಗೇ ಆಯಿತು. ಆ ವಾರ ಯಾರೂ ನಗಲಿಲ್ಲ. ದಾವಣಗೆರೆಯ ಡಾಕ್ಟರು ಪರೀಕ್ಷೆ ಮಾಡಿ, ನರ ಒಣಗುತ್ತಾ ಬಂದಿದೆ, ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ ಎಂದರು. ನ್ಯಾಮತಿಯಲ್ಲಿರುವ ಮಗಳು ಪ್ರಮೀಳಾ ಕಿವಿಗೆ ಹಾಕುವ ಮಷಿನ್ ಕೊಡಿಸಿದಳು. ಅದರಲ್ಲಿ ಬರೀ ಗಾಳಿ ಬೀಸಿದ ಸದ್ದು ಎಂದು ಹೇಮಾವತಿ ಅದನ್ನು ಅರಿಶಿನದ ಡಬ್ಬಿಯ ಪಕ್ಕದಲ್ಲಿ ಇಟ್ಟುಬಿಟ್ಟಳು. ಈಗ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಅದೂ ಗಂಡನದು ಮಾತ್ರ, ಅವನು ಎದುರು ಕೂತು ನಿಧಾನವಾಗಿ ಆಡಿದರೆ.

ಅವಳು ಗೊಣಗಿದವಳಲ್ಲ. ಒಂದೇ ಒಂದು ದಿನ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, ಯಾರಿಗೋ ಹೇಳುವಂತೆ ಹೇಳಿದಳು: "ಕಿವಿ ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ. ತಲೆಯಾಗೆ ಹಾಡು ಇರ್ತಾವಲ್ಲ ಅಂತ. ಈಗ ಅವೂ ಅಳಿಸ್ತಾ ಅದಾವೆ. ಮಂಗಳಾರತಿ ಪದದ ಮಾತು ಐತೆ, ರಾಗ ಇಲ್ಲ. ಅದೊಂದಾದ್ರೂ ಒಂದ್ಸಲ ಕೇಳಿಸಿದ್ರೆ ಹಿಡ್ಕೊಂತಿದ್ದೆ."

ಮುರುಗೇಶಪ್ಪನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಗುಡಿಗೆ ಹೊಸ ಸೆಟ್ ಬಂದಾಗ ಭಜನೆಯವರು ಹಳೆಯದನ್ನು ಇವರ ಮನೆಗೇ ಕೊಟ್ಟಿದ್ದರು. ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಬಾಕ್ಸು, ಒಂದು ಶಿವರಾತ್ರಿಯ ಜಾಗರಣೆಯಲ್ಲಿ ಹಿಡಿದಿಟ್ಟ ಭಜನೆಯ ಪೆನ್‌ಡ್ರೈವು. ಹೇಮಕ್ಕನ ಕಾಲದ ಸೆಟ್ಟು ಹೇಮಕ್ಕನ ಮನೆಯಲ್ಲಿ ಇರಲಿ ಎಂಬ ಪ್ರೀತಿ ಅವರದು. ಕೇಳಲಾರದವಳ ಮನೆಯಲ್ಲಿ ಅದು ಗೋಣಿಚೀಲ ಹೊದ್ದುಕೊಂಡು ಕೂತಿತ್ತು. ಮುರುಗೇಶಪ್ಪ ಆ ಗೋಣಿಚೀಲ ತೆಗೆದ. ಧೂಳು ಒರೆಸಿದ. ಆಮೇಲೆ ಬಡಗಿ ಸಣ್ಣತಿಮ್ಮಪ್ಪನಲ್ಲಿಗೆ ಹೋದ.

"ಏನ್ ಮುರುಗೇಶಣ್ಣ, ಹಿಟ್ಟು ಬೀಸೋದು ಬಿಟ್ಟು ನನ್ನ ಹೊಟ್ಟೆ ಮ್ಯಾಲೆ ಹೊಡೆಯಾಕೆ ಬಂದ್ರಾ?" ಎಂದು ಸಣ್ಣತಿಮ್ಮಪ್ಪ ನಕ್ಕ, ಇವನು ಗರಗಸ ಕೇಳಿದ್ದಕ್ಕೆ.

"ಸೆಟ್ ಇಡಾಕೆ ಒಂದು ಸಣ್ಣ ಹಲಗೆ ಸ್ಟ್ಯಾಂಡು. ನಾನೇ ಮಾಡ್ಬೇಕು ಅಂತ ಮನಸ್ಸಾಗೈತೆ. ನೀನು ದಾರಿ ಹೇಳು ಸಾಕು."

"ಅದಕ್ಕೇನು, ದಪ್ಪನೆ ಪ್ಲೈವುಡ್ ತಗಂಡು ಗ್ವಾಡೆಗೆ ಬಿಗಿರಿ. ಎಷ್ಟು ಸೌಂಡ್ ಕೊಟ್ರೂ ಅಲ್ಲಾಡಂಗಿಲ್ಲ."

"ನಂಗೆ ಅಲ್ಲಾಡ್ಬೇಕು ಕಣೋ."

ಸಣ್ಣತಿಮ್ಮಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವನ ಮುಖ ನೋಡಿದ. ಮುರುಗೇಶಪ್ಪ ಗಿರಣಿಯ ವಿಷಯ ಹೇಳಿದ. ಅಂಗೈಯ ವಿಷಯ ಹೇಳಿದ. ಸ್ಪೀಕರುಗಳನ್ನು ಬಾಯಿ ಕೆಳಗೆ ಮಾಡಿ ಹಲಗೆಯ ಮೇಲೇ ಇಡುವುದಾಗಿಯೂ, ಮುಂದುಗಡೆ ಅಂಗೈ ಊರುವಷ್ಟು ಹಲಗೆ ಚಾಚಿಕೊಂಡಿರಬೇಕೆಂದೂ ಹೇಳಿದ.

"ಸ್ಪೀಕರ್ ಬೋರಲು ಹಾಕ್ತೀರಾ!" ಎಂದ ಸಣ್ಣತಿಮ್ಮಪ್ಪ. ಆಮೇಲೆ ನಗಲಿಲ್ಲ. ಒಂದು ಬೀಡಿ ಹಚ್ಚಿದ, ಅರ್ಧ ಸೇದಿ ಆರಿಸಿದ. "ಹಂಗಾದ್ರೆ ಹಲಸು ತರ್ರಿ. ತಂಬೂರಿ, ಮದ್ದಲೆ ಎಲ್ಲಾ ಹಲಸಿಂದೇ. ಅದು ಸದ್ದು ನುಂಗಂಗಿಲ್ಲ, ಮುಂದಕ್ಕೆ ದಾಟಿಸ್ತೈತೆ. ನಮ್ಮ ಜಗಳೂರು ಸೀಮೆನಾಗೆ ಹಲಸು ಎಲ್ಲಿ ಬರ್ಬೇಕು? ಜಾಲಿ ಕೇಳಿದ್ರೆ ಲಾರಿಗಟ್ಲೆ ಕೊಡ್ತೀನಿ. ನೀವು ಚನ್ನಗಿರಿ ಸಾಮಿಲ್‌ಗೇ ಹೋಗ್ಬೇಕು."

ಮುರುಗೇಶಪ್ಪ ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿದ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಯಲ್ಲಿ ಇಳಿದ. ಸಾಮಿಲ್ಲಿನಲ್ಲಿ ಒಂದೊಂದೇ ಹಲಗೆಯನ್ನು ಎತ್ತಿ ನಿಲ್ಲಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಇನ್ನೊಂದು ಕೈಯನ್ನು ಹಿಂದೆ ಹಿಡಿದು ನೋಡಿದ. ಅರಿಶಿನದ ಬಣ್ಣದ ಒಂದು ಹಲಗೆ ತಟ್ಟಿದ್ದನ್ನು ಅಂಗೈಗೆ ದಾಟಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಕಾಲ ನಡುವೆ ನಿಲ್ಲಿಸಿಕೊಂಡು ಕೂತ. ಪಕ್ಕದವನು, "ಯಜಮಾನ್ರೇ, ಮೊಮ್ಮಗೂಗೆ ತೊಟ್ಲಾ?" ಎಂದು ಕೇಳಿದ. ಅಲ್ಲ ಎನ್ನುವುದಕ್ಕೆ ಮನಸ್ಸು ಬಾರದೆ ಮುರುಗೇಶಪ್ಪ ಸುಮ್ಮನೆ ತಲೆಯಾಡಿಸಿದ.

ಹಲಗೆಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ ಕೆಲಸ ಶುರು ಮಾಡಿದ. ಜೋಳ ಬೀಸುವ ಕೈಗೆ ಮರದ ಕೆಲಸ ಸಲೀಸಲ್ಲ. ಗರಗಸ ಗೆರೆ ಬಿಟ್ಟು ಓಡಿತು. ಹತ್ತರಿ ಹಿಡಿದು ನುಣುಪು ಮಾಡುವಾಗ ಒಂದು ಕಡೆ ಹೆಚ್ಚು ಕೆರೆದು ಹೋಯಿತು. ಸಣ್ಣತಿಮ್ಮಪ್ಪ ಸಂಜೆ ಬಂದು ನಿಂತು, "ಇದು ಹಲಗೆನೋ, ಎಮ್ಮೆ ಬೆನ್ನೋ?" ಎನ್ನುತ್ತಿದ್ದ, ಆಮೇಲೆ ತಾನೇ ಕೂತು ತಿದ್ದಿ ಕೊಡುತ್ತಿದ್ದ. ಮೊಳೆ ಹೊಡೆದರೆ ನಡುಕ ಅಲ್ಲೇ ನಿಲ್ಲುತ್ತದೆ ಎಂದು ಮುರುಗೇಶಪ್ಪನ ಹಟ. ಹಾಗಾಗಿ ಕಚ್ಚು ತೆಗೆದು ಒಂದರಲ್ಲಿ ಒಂದು ಕೂಡಿಸಿದರು. ಕೆಳಗಿನ ಅಂತಸ್ತಿನಲ್ಲಿ ಆಂಪ್ಲಿಫೈಯರ್, ಮೇಲಿನ ತೆಳು ಹಲಗೆಯ ಮೇಲೆ ಬೋರಲಾಗಿ ಎರಡು ಸ್ಪೀಕರು. ಮೊಣಕಾಲೆತ್ತರದ ಆ ಸ್ಟ್ಯಾಂಡನ್ನು ಗೋಡೆಗೆ ತಾಗಿಸದೆ ನಡುಮನೆಯಲ್ಲಿ ಇಟ್ಟರು. ಹಲಸಿನ ವಾಸನೆ ಮನೆ ತುಂಬಿತು.

ದೀಪ ಹಚ್ಚುವ ಹೊತ್ತು. ಹೇಮಾವತಿ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತಳು. "ಯಾವ ಕೈ ಇಡ್ಲಿ?" ಎಂದು ಕೇಳಿದಳು.

ಮುರುಗೇಶಪ್ಪ ಅದನ್ನು ಯೋಚಿಸಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅವಳು ಇಷ್ಟಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಆ ಕೈಯಿಂದ ಅವಳು ಎಂಜಲು ಪಾತ್ರೆ ಮುಟ್ಟಿದವಳಲ್ಲ. ಅವನು ತನ್ನ ಎಡಗೈಯನ್ನೇ ಎತ್ತಿ ತೋರಿಸಿದ. ಹೇಮಾವತಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹಲಗೆಯ ಮೇಲೆ ಇಟ್ಟಳು.

ಅವನು ಸ್ವಿಚ್ಚು ಹಾಕಿದ. ಶಿವರಾತ್ರಿಯ ಭಜನೆ ಮನೆಯಲ್ಲಿ ತುಂಬಿಕೊಂಡಿತು, ಎಲ್ಲಕ್ಕೂ ಮೇಲೆ ಹೇಮಾವತಿಯ ದನಿ. ಮುರುಗೇಶಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಇದು ರಾಗಿನೋ, ಜ್ವಾಳನೋ?" ಎಂದಳು ಹೇಮಾವತಿ.

ಅವನ ಮುಖ ಬಾಡಿದ್ದನ್ನು ಕಂಡು, "ತಮಾಷೆ ಮಾಡ್ದೆ ಕಣ್ರೀ," ಎಂದು ಅವನ ಮೊಣಕಾಲು ತಟ್ಟಿದಳು. "ಮೊದಲ್ನೇ ದಿನಕ್ಕೇ ಆಗ್ತೈತಾ? ಕೈಗೂ ಕಲಿಯಾಕೆ ಟೈಮ್ ಬೇಕಲ್ಲ."

ದಿನಾ ಸಂಜೆ ಹಾಗೇ ಕೂತರು. ಅವಳು ತಲೆ ತಗ್ಗಿಸಿ, ದೃಷ್ಟಿ ನೆಲಕ್ಕೆ ಇಟ್ಟು, ಹಲಗೆಯ ಮೇಲೆ ಕೈಯೂರಿ ಕೂರುವಳು. ಅವನು ಎದುರಿಗೆ ಕಾಲು ಚಾಚಿ ಗೋಡೆಗೆ ಒರಗುವನು. ಸ್ವಲ್ಪ ದಿನಕ್ಕೆ ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ತಪ್ಪಿಲ್ಲದ ತಾಳ. ಮತ್ತೂ ಸ್ವಲ್ಪ ದಿನಕ್ಕೆ, ಹಾಡಿನ ನಡುವೆ ದನಿ ನಿಂತು ಮತ್ತೆ ಶುರುವಾದಾಗ, "ಎರಡನೇ ನುಡಿ ಬಂತು ನೋಡ್ರಿ," ಎಂದಳು. ಮುರುಗೇಶಪ್ಪ ಅಂದೇ ನ್ಯಾಮತಿಗೆ ಫೋನು ಮಾಡಿದ. "ನಿಮ್ಮವ್ವಗೆ ಕೇಳಿಸ್ತಾ ಐತೆ ಕಣವ್ವಾ, ಕೈಯಾಗೆ ಕೇಳಿಸ್ತಾ ಐತೆ," ಎಂದ. ಬಡಗಿಯ ಅಂಗಳಕ್ಕೂ ಹೋಗಿ ಹೇಳಿ ಬಂದ. ಸಣ್ಣತಿಮ್ಮಪ್ಪ ಅಲ್ಲಿ ಒರಗಿಸಿದ್ದ ಹಲಗೆಗಳಿಗೆ ಕೈ ಮುಗಿದ.

ಒಂದು ಸೋಮವಾರ ಸಂಜೆ ಭಜನೆ ಕೊನೆಗೆ ಬಂತು. ಮಂಗಳಾರತಿ ಪದ ಶುರುವಾಯಿತು. ಗುಡಿಯಲ್ಲೂ ಆ ಪದಕ್ಕೆ ಹೇಮಾವತಿ ಕಣ್ಣು ಮುಚ್ಚುತ್ತಿದ್ದಳು. ಅಂದು ಅವನು ಸ್ಪೀಕರುಗಳತ್ತ ಕೈ ತೋರಿಸಿ ಅದೇ ಪದ ಎಂದು ತುಟಿಯಲ್ಲಿ ಹೇಳಿದ್ದೇ ತಡ, ಕಣ್ಣು ಮುಚ್ಚಿದಳು. ಎಡಗೈ ಹಲಗೆಯ ಮೇಲೆ, ಬಲಗೈ ತೊಡೆಯ ಮೇಲೆ.

ಮೊದಲ ನುಡಿ ಮುಗಿಯುವ ಮೊದಲೇ ಕರೆಂಟು ಹೋಯಿತು.

ಹಾಡು ನಿಂತಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ದೇವರ ಮುಂದಿನ ದೀಪವೊಂದೇ ಉಳಿಯಿತು. ಹೇಮಾವತಿಯ ಬಲಗೈ ಮಾತ್ರ ನಿಲ್ಲಲಿಲ್ಲ. ತಲೆ ತೂಗುತ್ತಲೇ ಇತ್ತು. ಹಲಗೆಯ ಮೇಲಿನ ಬೆರಳುಗಳು ಏನೋ ಸಿಕ್ಕಿದವರ ಹಾಗೆ ಮೆಲ್ಲಗೆ ಒತ್ತುತ್ತಿದ್ದವು.

ಆ ನಿಶ್ಶಬ್ದದಲ್ಲಿ ಮುರುಗೇಶಪ್ಪನಿಗೆ ಇನ್ನೊಂದು ಕೇಳಿಸಿತು. ಹೇಮಾವತಿ ಬಾಯೊಳಗೇ ಗುನುಗುತ್ತಿದ್ದಳು. ಇಷ್ಟು ದಿನವೂ ಗುನುಗುತ್ತಿದ್ದಳೇನೋ, ಸ್ಪೀಕರಿನ ಸದ್ದಿನಲ್ಲಿ ಅವನಿಗೆ ತಿಳಿದಿರಲಿಲ್ಲ. ಮಂಗಳಾರತಿಯ ಮಾತು ಒಂದೂ ತಪ್ಪದೆ ಬರುತ್ತಿತ್ತು. ರಾಗವಿರಲಿಲ್ಲ. ಏರಿಲ್ಲ, ಇಳಿವಿಲ್ಲ, ಒಂದೇ ಮಟ್ಟದ ಗುಂಯ್ ಎನ್ನುವ ದನಿ.

ಅವನು ಅಲ್ಲಾಡದೆ ಕೂತ. ಅವಳು ಎರಡನೇ ನುಡಿ ಮುಗಿಸಿದಳು, ಮೂರನೆಯದಕ್ಕೆ ಹೋದಳು, ಕೊನೆಗೆ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿ ಕಣ್ಣು ಬಿಟ್ಟಳು. ಕೆಂಪು ದೀಪವಿದ್ದ ಜಾಗ ನೋಡಿದಳು. ಆಮೇಲೆ ಗಂಡನ ಪಾದ ನೋಡಿದಳು.

"ಯಾವಾಗ ಹೋತು?"

ಮೊದಲ ನುಡಿಗೇ ಎಂದು ಅವನು ಒಂದು ಬೆರಳು ಎತ್ತಿ ತೋರಿಸಿದ. ಅವಳಿಗೆ ಅದೇ ಸಾಕಾಯಿತು.

"ನೀವು ಹಾಡು ಕೇಳುವಾಗ ಕಾಲಿನ ಹೆಬ್ಬೆಟ್ಟು ಕುಣೀತೈತೆ," ಎಂದಳು. "ಭಜನಿನಾಗೂ ಹಂಗೇ ಮಾಡ್ತಿದ್ರಿ. ಅದನ್ನ ನೋಡಿ ತಾಳ ಹಾಕ್ತಿದ್ದೆ. ಅದು ನಿಂತ್ರೆ ನುಡಿ ಮುಗೀತು ಅಂತ."

"ಕೈಗೆ?" ಎಂದ ಮುರುಗೇಶಪ್ಪ, ನಿಧಾನವಾಗಿ, ತುಟಿ ಕಾಣುವಂತೆ.

"ಗಿರಣಿ." ಅವಳು ನಗಲು ನೋಡಿದಳು. "ಒಳ್ಳೇ ಗಿರಣಿ ಕಣ್ರೀ. ಚನ್ನಗಿರೀಲಿಂದ ಹೊತ್ಕೊಂಡು ಬಂದೀರಿ."

"ಮತ್ತೆ ಮೊದಲೇ ಹೇಳ್ಬಾರ್ದಾ? ದಿನಾ ಯಾಕೆ ಕೂತ್ಕೊಂಡೆ?"

ಹೇಮಾವತಿ ತನ್ನ ಎಡ ಅಂಗೈಯನ್ನು ದೇವರ ದೀಪದ ಬೆಳಕಿಗೆ ತಿರುಗಿಸಿ ನೋಡಿಕೊಂಡಳು. ಹಲಸಿನ ಮರದ ಪುಡಿ ಒಂದಿಷ್ಟು ಅಂಟಿತ್ತು, ಅದನ್ನು ಊದಿದಳು.

"ಸಣ್ಣೋಳಿದ್ದಾಗ್ಲಿಂದ ಇದರ ಮ್ಯಾಲೆ ಲಿಂಗ ಇಟ್ಕೊಂಡು ಕೂತೀನಿ. ಅದೇನಾದ್ರೂ ನನ್ನ ಜತೆ ಮಾತಾಡೈತೇನ್ರೀ? ಕೆಳಗೆ ಇಟ್ಟೀನಾ?"

ಎದ್ದು ಅಡಿಗೆ ಮನೆಗೆ ಹೋದಳು. ಮೊರ ತೆಗೆದ ಸದ್ದು, ಹಿಟ್ಟಿನ ಡಬ್ಬಿಯ ಮುಚ್ಚಳ ಬಿದ್ದು ಉರುಳಿದ ಸದ್ದು ಬಂತು. ಅದು ಬಿದ್ದದ್ದು ಅವಳಿಗೆ ತಿಳಿದಿರಲಿಲ್ಲ, ಉರುಳಿ ಬಾಗಿಲವರೆಗೂ ಬಂದು ನಿಂತಿತು.

ಕರೆಂಟು ಬಂತು. ಹಾಡು ತಾನಾಗಿಯೇ ಮೊದಲಿನಿಂದ ಶುರುವಾಯಿತು. ಅಡಿಗೆ ಮನೆಯಲ್ಲಿ ಹೇಮಾವತಿ ಬೆನ್ನು ಹಾಕಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳದೇ ದನಿ ಮನೆಯನ್ನೆಲ್ಲ ತುಂಬಿ ಅವಳ ಬೆನ್ನಿಗೆ ಬಡಿದು ಹೋಗುತ್ತಿತ್ತು.

ಮುರುಗೇಶಪ್ಪ ದೇವರ ಗೂಡಿನಲ್ಲಿ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ತೆಗೆದುಕೊಂಡ. ಎರಡು ಉಂಡೆ ಮಾಡಿ, ಎಣ್ಣೆಯಲ್ಲಿ ಅದ್ದಿ, ಎರಡೂ ಕಿವಿಗೆ ಒತ್ತಿ ತುಂಬಿದ. ಹಾಡು ದೂರ ಹೋಯಿತು. ಮೇಲೆ ಟವೆಲ್ಲನ್ನು ಬಿಗಿಯಾಗಿ ಸುತ್ತಿದ. ಈಗ ಪೂರಾ ಇಲ್ಲವಾಯಿತು. ಅವಳು ಕೂತಿದ್ದ ಮಣೆಯ ಮೇಲೆ ಕೂತು ಹಲಗೆಯ ಮೇಲೆ ಅಂಗೈ ಊರಿದ.

ನಡುಗುತ್ತಿತ್ತು. ಹಲಸು ಒಳ್ಳೆಯ ಮರ, ನುಂಗುತ್ತಿರಲಿಲ್ಲ, ದಾಟಿಸುತ್ತಿತ್ತು. ಅವನು ಕಾಯುತ್ತಾ ಕೂತ. ಎಲ್ಲಿ ಅವಳ ದನಿ ಏರುತ್ತದೆಂದು ಅವನಿಗೆ ಬಾಯಿಪಾಠ. ಅಲ್ಲೂ ಅದೇ ನಡುಕ. ಇಳಿಯುವಲ್ಲೂ ಅದೇ. ಕೈ ಕೇಳಿಸಿಕೊಳ್ಳುತ್ತದೆ ಎಂದು ಅವನು ಇಷ್ಟು ಕಾಲ ನಂಬಿದ್ದು ಕಿವಿ ತೆರೆದಿಟ್ಟುಕೊಂಡೇ. ಇದನ್ನು ಹಲಗೆ ತರುವ ಮೊದಲೇ ಮಾಡಿ ನೋಡಬಹುದಿತ್ತು. ಯಾಕೋ ಹೊಳೆದಿರಲಿಲ್ಲ. ಬಲಗೈ ಇಟ್ಟು ನೋಡಿದ. ಎಡಗೈ ಇಟ್ಟು ನೋಡಿದ. ಶಿವನೇ ಎಂದು ಹಣೆಯನ್ನೇ ಹಲಗೆಗೆ ಹಚ್ಚಿದ.

ಬೆಳಿಗ್ಗೆ ಬೀಸಲು ಗಿರಣಿಯಲ್ಲಿ ಬಿಟ್ಟುಹೋದ ಡಬ್ಬಿ ಒಯ್ಯಲು ಪಕ್ಕದ ಮನೆಯ ದುರುಗಕ್ಕ ಬಂದದ್ದು ಆಗಲೇ. ಅಂಗಳದಿಂದ ಒಂದೆರಡು ಸಲ ಕರೆದಳು. ಹೊಸ್ತಿಲಿನಿಂದ ಗಟ್ಟಿಯಾಗಿ ಕರೆದಳು. ಕೊನೆಗೆ ಒಳಗೆ ಬಂದು, ಹಲಗೆಯ ಮೇಲೆ ತಲೆಯಿಟ್ಟಿದ್ದವನ ಭುಜ ಮುಟ್ಟಿದಳು. ಮುರುಗೇಶಪ್ಪ ಬೆಚ್ಚಿ ತಲೆಯೆತ್ತಿದ. ದುರುಗಕ್ಕನ ಬಾಯಿ ಆಡುತ್ತಿತ್ತು, ಮಾತು ಅವನವರೆಗೆ ಬರುತ್ತಿರಲಿಲ್ಲ. ಅವನು ಅವಳ ತುಟಿಯನ್ನೇ ನೋಡಿದ, ಏನೂ ತಿಳಿಯಲಿಲ್ಲ. ಟವೆಲ್ಲು ಬಿಚ್ಚಿ ಒಂದು ಕಿವಿಯ ಹತ್ತಿ ತೆಗೆದ.

"ಅಯ್ಯೋ ಅಣ್ಣಾ," ಎನ್ನುತ್ತಿದ್ದಳು ದುರುಗಕ್ಕ, ಅವನ ಕಿವಿಯಿಂದ ಇಳಿಯುವ ಎಣ್ಣೆಯನ್ನು ನೋಡುತ್ತಾ, "ನಿಮ್ಮವೂ ಹೋದ್ವಾ?"