ದಾಖಲಾತಿ ಅರ್ಜಿಯ ಫೋಟೊ

ಅಪ್ಪನಿಗೆ ಹೊದಿಸಲು ಬಿಳಿ ಬಟ್ಟೆ ಹುಡುಕುತ್ತ ಮಗಳು ಪೆಟ್ಟಿಗೆಯೊಳಗೆ ಭುಜದವರೆಗೂ ಕೈ ಹಾಕಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ದೊಡ್ಡ ಸಾಹಿತಿಯೊಬ್ಬರ ಜೀವನಚರಿತ್ರೆ ಬರೆಯುತ್ತಿರುವ ಸಂಶೋಧಕನಂತೆ. ಇವತ್ತೇ ಬನ್ನಿ ಎಂದು ಅಪ್ಪನೇ ಕಾಗದ ಹಾಕಿದ್ದರಂತೆ.

"ಹೀಗಾಗಿದೆ ಅಂತ ಗೊತ್ತಿರಲಿಲ್ಲಮ್ಮ. ಆ ಸಾಹಿತಿಗಳ ಕಾಲೇಜು ದಿನಗಳದ್ದೇ ತಕರಾರು. ದಾಖಲೆಯಲ್ಲಿ ಒಂದು ವಯಸ್ಸು, ಅವರ ಬಾಯಲ್ಲಿ ಇನ್ನೊಂದು. ಓದಿದ್ದೇ ಸುಳ್ಳು ಅನ್ನೋರೂ ಇದ್ದಾರೆ. ಆಗ ಅರ್ಜಿ ತಗೊಂಡಿದ್ದು ನಿಮ್ಮ ತಂದೆ."

ಹೌದು, ಮೂವತ್ತಾರು ವರ್ಷ ಆ ಕಾಲೇಜಿನ ಗುಮಾಸ್ತ. ಪ್ರಿನ್ಸಿಪಾಲರ ಭಾವಮೈದುನನಿಗೂ ಒಂದು ದಿನದ ಹಾಜರಿ ಹೆಚ್ಚಿಗೆ ಕೊಡದ ಪುಣ್ಯಾತ್ಮ. ಜನ 'ಅಳತೆಪಟ್ಟಿ' ಎಂದು ಆಡಿಕೊಳ್ಳುತ್ತಿದ್ದರು. ಮಗಳಿಗೆ ಅದೇ ಹೆಮ್ಮೆ. ಅಪ್ಪ ಬಿಟ್ಟುಹೋದ ಆಸ್ತಿಯೂ ಅದೊಂದೇ.

ಬಟ್ಟೆಯ ಅಡಿಯಲ್ಲಿ ಲಕೋಟೆ ಸಿಕ್ಕಿತು. ಮೇಲೆ ಸಂಶೋಧಕನ ವಿಳಾಸ, ಒಳಗೆ ಹಳದಿಗಟ್ಟಿದ ದಾಖಲಾತಿ ಅರ್ಜಿ. ಸಾಹಿತಿಯ ಹೆಸರಿನ ಪಕ್ಕ ಅಂಟಿಸಿದ್ದ ಫೋಟೊವನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು. ಅದು ಪುಟ್ಟಣ್ಣ, ಅವಳು ಹುಟ್ಟುವ ಮೊದಲೇ ಜ್ವರದಲ್ಲಿ ಹೋದ, ಮನೆಯ ಗೋಡೆಯ ಪಟದಲ್ಲಷ್ಟೇ ಕಂಡಿದ್ದ ಸ್ವಂತ ಅಣ್ಣ. ಅವನಿಗೆ ಶಾಲೆಯಲ್ಲಿ ಇನ್ನೊಂದು ಹೆಸರಿತ್ತೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ಅಪ್ಪನ ತಂಗಿ ಅರ್ಜಿ ನೋಡಿ ಕುಸಿದು ಕೂತರು. "ಇದನ್ನ ಸುಡಲಿಲ್ವಾ ಅಣ್ಣ?"

*

ಅತ್ತೆ ಹೇಳಿದ್ದಿಷ್ಟು: ಕಾಲೇಜು ಸೇರಿದ ಹದಿನೈದನೇ ದಿನ ಪುಟ್ಟಣ್ಣ ತೀರಿಕೊಂಡ. ಹೆಸರು ಹೊಡೆದುಹಾಕಬೇಕಾದ ಪೆನ್ನು ಅಪ್ಪನ ಕೈಯಲ್ಲೇ ಇತ್ತು, ಮನಸ್ಸು ಬರಲಿಲ್ಲ. ದಿನಾ ತರಗತಿಯಲ್ಲಿ ಆ ಹೆಸರು ಕೂಗುವರು, ಯಾರೂ ಓಗೊಡರು, ಹೊರಗೆ ಅಪ್ಪ ಕೇಳುತ್ತ ನಿಲ್ಲುವರು.

ಆಗ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಯುವಕನೊಬ್ಬ ಕುಂಚ ನಿಲ್ಲಿಸಿ ಕಿಟಕಿಯಿಂದ ಪಾಠ ಕೇಳುತ್ತಿದ್ದ. ಅಪ್ಪ ಒಂದು ವಾರ ನೋಡಿದರು.

"ನಾಳೆ ಈ ಹೆಸರು ಕೂಗಿದಾಗ ಹಾಜರ್ ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹೊಸ ತರಗತಿ, ಯಾರಿಗೂ ಯಾರ ಮುಖವೂ ಗುರುತಿರಲಿಲ್ಲ. ಅವನು ಹಾಜರ್ ಅಂದ, ಪದವಿ ಪಡೆದ, ಅದೇ ಹೆಸರಲ್ಲಿ ಪುಸ್ತಕ ಬರೆದು ದೊಡ್ಡವನಾದ.

*

"ಎರಡು ದಿನದ ಹಾಜರಿ ಕಮ್ಮಿ ಬಿತ್ತು ಅಂತ ನನ್ನನ್ನ ಪರೀಕ್ಷೆಗೇ ಕೂರಿಸಲಿಲ್ಲ ಅತ್ತೆ ಇವರು," ಎಂದಳು ಮಗಳು. "ಒಂದು ವರ್ಷ ಮನೇಲಿ ಕೂತೆ."

"ನೀನು ಬದುಕಿದ್ದೆಯಲ್ಲೇ," ಎಂದರು ಅತ್ತೆ.

ಅವಳಿಗೆ ಮೈ ಉರಿದುಹೋಯಿತು. ಲಕೋಟೆ ಮುಚ್ಚಿಟ್ಟರೆ ಅಪ್ಪನ ಹೆಸರು ಉಳಿಯುತ್ತಿತ್ತು. ಆದರೆ ವಿಳಾಸ ಬರೆದದ್ದು ಅಪ್ಪನೇ ಅಲ್ಲವೇ? ತಂದು ಸಂಶೋಧಕನ ಕೈಗೆ ತುರುಕಿದಳು. ಅವನು ಓದಿ, ಫೋಟೊ ಯಾರದೆಂದು ಕೇಳಿದ; ಅವಳು ಅಣ್ಣನದೆಂದಾಗ ಅರ್ಜಿಯನ್ನು ಮೊದಲಿನಿಂದ ಮತ್ತೆ ಓದಿದ.

ಸುಡುಗಾಡಿನ ಕಚೇರಿಗೆ ಸಾಹಿತಿ ಕೋಲೂರಿಕೊಂಡು ಬಂದರು. ಅತ್ತೆಯೇ ಫೋನ್ ಮಾಡಿಸಿದ್ದರಂತೆ. ಹೊರಗೆ ಮಲಗಿಸಿದ್ದ ಅಪ್ಪನ ಪಾದ ಹಿಡಿದು ಆ ಮುದುಕ ಬಿಕ್ಕಿ ಬಿಕ್ಕಿ ಅತ್ತರು. ನಾಲ್ಕು ಮಾತು ಕೇಳಿಯೇಬಿಡಬೇಕೆಂದಿದ್ದ ಅವಳು, ಜಾರಿಬಿದ್ದ ಅವರ ಕೋಲನ್ನು ಎತ್ತಿಟ್ಟಳು.

ಅಲ್ಲಿನ ಗುಮಾಸ್ತ ರಿಜಿಸ್ಟರ್ ಮುಂದೆ ತಳ್ಳಿದ. "ಮನೆಯೋರು ಹೆಸರು, ಸಂಬಂಧ ಬರೀರಿ. ಸುಳ್ಳು ಬರೆದ್ರೆ ಕೇಸಾಗತ್ತೆ."

ಅವಳು ತನ್ನ ಹೆಸರು ಬರೆದು 'ಮಗಳು' ಎಂದು ತುಂಬಿದಳು. ಅದರ ಕೆಳಗೆ ಸಾಹಿತಿ, ನಾಡಿಗೆಲ್ಲ ಗೊತ್ತಿರುವ ಆ ಹೆಸರು ಬರೆದರು. ಸಂಬಂಧದ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು. ಬೆನ್ನ ಹಿಂದೆ ಸಂಶೋಧಕ ಕತ್ತು ಚಾಚಿದ್ದ.

ಅವಳು ಪೆನ್ನು ಕಿತ್ತುಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ, 'ಮಗ' ಎಂದು ಬರೆದಳು. ಗುಮಾಸ್ತ ತಲೆಯೆತ್ತದೆ ಮೊಹರು ಒತ್ತಿದ.