ಎರಡು ಸಾಲಿನ ಹೆಸರು

ರೋಗಿಯ ಮಣಿಕಟ್ಟಿಗೆ ಸುತ್ತುವ ಒಂದು ಕೈಪಟ್ಟಿ ಮುದ್ರಿಸಲು ಆಸ್ಪತ್ರೆಗೆ ತಗಲುವ ಖರ್ಚು ಬೆಂಕಿಪೆಟ್ಟಿಗೆಯ ಬೆಲೆಗಿಂತ ಕಡಿಮೆ. ಮುದ್ರಿಸುವ ಸಾಫ್ಟ್‌ವೇರಿನ ವರ್ಷದ ಬಾಡಿಗೆ ಒಬ್ಬ ನರ್ಸಿನ ಎರಡು ತಿಂಗಳ ಸಂಬಳದಷ್ಟು. ಆ ಸಾಫ್ಟ್‌ವೇರ್ ಸರಿಯಿದೆಯೇ ಎಂದು ಕಂಪ್ಯೂಟರಿನಿಂದಲೇ ಪರೀಕ್ಷೆ ಮಾಡಿಸಲು ಕರೆಂಟು ಬಿಟ್ಟರೆ ಬೇರೆ ಖರ್ಚಿಲ್ಲ. ಅದು ತೋರಿಸಿದ್ದನ್ನು ಮನುಷ್ಯ ಕೂತು ಕಣ್ಣಿಟ್ಟು ನೋಡಲು ಮಾತ್ರ ಒಂದು ಮಧ್ಯಾಹ್ನ ಬೇಕು. ಉಳಿತಾಯದ ಮಾತು ಬಂದಾಗ ಜನ ಮೊದಲು ಕೈಹಾಕುವುದು ಆ ಮಧ್ಯಾಹ್ನಕ್ಕೇ.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಂಥ ಸಾಫ್ಟ್‌ವೇರ್ ಮಾಡುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ಪರೀಕ್ಷೆಯ ಕೆಲಸ ಅತ್ತಿಗೆಯದು. ಹಾಗೆ ಕರೆಯುವ ಹಕ್ಕಿದ್ದದ್ದು ಅವಳ ಮೈದುನನಿಗೊಬ್ಬನಿಗೇ. ಅವಳೇ ಹೇಳಿ ಕೇಳಿ ಅವನನ್ನು ಅಲ್ಲಿಗೆ ಸೇರಿಸಿದ್ದಳು. ಅವನ ಬಾಯಿಂದ ಕೇಳಿ ಕೇಳಿ ಮಾಲೀಕನೂ ಅತ್ತಿಗೆ ಎನ್ನತೊಡಗಿದ.

ಅವಳು ಬರೆದ ಪರೀಕ್ಷೆ ಒಂದೇ. ಅದಕ್ಕೆ ಉಣಿಸುವ ರೋಗಿಗಳು ಹಲವರು. ಇನ್ನೂ ಹೆಸರಿಡದ ಮಗು, ವಯಸ್ಸು ಗೊತ್ತಿಲ್ಲದ ಮುದುಕ, ಎರಡೆರಡು ಔಷಧಿ ಮೈಗೆ ಒಗ್ಗದವಳು, ಎಲ್ಲರೂ ಅವಳು ಕಲ್ಪಿಸಿ ಕಟ್ಟಿದವರೇ. ಒಬ್ಬೊಬ್ಬರಿಗೂ ಒಂದು ಕೈಪಟ್ಟಿ ತಯಾರಾಗುತ್ತದೆ. ಅವಳು ಹಿಂದೆ ನೋಡಿ ಒಪ್ಪಿ ಎತ್ತಿಟ್ಟ ಚಿತ್ರದ ಪಕ್ಕದಲ್ಲಿ ಕಂಪ್ಯೂಟರ್ ಅದನ್ನಿಟ್ಟು ಹೋಲಿಸುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪರದೆಯಲ್ಲಿ ಕೆಂಪು, ಇಲ್ಲದಿದ್ದರೆ ಹಸಿರು. ಬೇಕೆಂದೇ ಮಾಡಿದ ಬದಲಾವಣೆಯಾದರೆ ಹೊಸ ಚಿತ್ರವನ್ನು ಒಪ್ಪಿಕೊಳ್ಳಬೇಕು. ಒಂದೊಂದಾಗಿ ನೋಡಿ ಒಪ್ಪಬಹುದು. ಒಂದೇ ಆಜ್ಞೆ ಕೊಟ್ಟು ಅಷ್ಟನ್ನೂ ಒಪ್ಪಿಬಿಡಬಹುದು. ಕಂಪ್ಯೂಟರಿಗೆ ಎರಡೂ ಒಂದೇ.

ಉದ್ದ ಹೆಸರಿನ ರೋಗಿ ಬೇಕಾದಾಗ ಅವಳು ತನ್ನ ಅತ್ತೆಯ ಹೆಸರನ್ನೇ ಹಾಕಿದ್ದಳು. ಗಂಡನ ಹೆಸರು, ಮನೆತನದ ಹೆಸರು ಸೇರಿ ಅದು ಎರಡು ಸಾಲು ಹಿಡಿಯುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಕೊಡಬಾರದ ಔಷಧಿ.

“ಅಮ್ಮ ಒಂದು ಸಾಲಿಗೆ ಬಗ್ಗೋರಲ್ಲ,” ಎಂದು ಮೈದುನ ನಗುತ್ತಿದ್ದ. “ಮನೇಲೂ ಅಷ್ಟೇ.”

ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಅವಳು ರಜೆ ಹಾಕಿದ ದಿನ, ಪಟ್ಟಿಯ ಮೇಲಿನ ಕಂಪನಿಯ ಲೋಗೋ ದೂರದಿಂದಲೂ ಕಾಣುವಂತಿರಬೇಕು ಎಂದು ಮಾಲೀಕನಿಗೆ ಹೊಳೆಯಿತು. ಸಂಜೆಯೊಳಗೆ ಆಗಬೇಕೆಂದ. ಮೈದುನ ಲೋಗೋ ದೊಡ್ಡದು ಮಾಡಿದ. ಎಲ್ಲ ಪಟ್ಟಿಯಲ್ಲೂ ಲೋಗೋ ಇರುವುದರಿಂದ ಪರೀಕ್ಷೆಯೆಲ್ಲ ಕೆಂಪಾಯಿತು. ಅವನು ಫೋನು ಮಾಡಿದಾಗ ಅವಳು ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಪ್ರತಿಯೊಂದನ್ನೂ ನೋಡಿಯೇ ಒಪ್ಪು ಎಂದಳು. ಆಗಲಿ ಎಂದ.

ಮೂರು ವಾರ ಕಳೆದು ಒಂದು ಆಸ್ಪತ್ರೆಯಿಂದ ಕರೆ ಬಂತು. ನಿವೃತ್ತ ಬಸ್ ಚಾಲಕರೊಬ್ಬರು ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ ತೀರಿಕೊಂಡಿದ್ದರು. ಆ ಔಷಧಿ ಅವರಿಗೆ ಆಗದು ಎಂಬುದು ದಾಖಲೆಯಲ್ಲಿತ್ತು, ಕೈಪಟ್ಟಿಯಲ್ಲಿರಲಿಲ್ಲ. ನರ್ಸು ಪಟ್ಟಿಯನ್ನು ನಂಬಿದ್ದಳು. ಪಟ್ಟಿ ಇರುವುದೇ ನಂಬುವುದಕ್ಕೆ. ಪ್ರಿಂಟರ್ ಕೆಟ್ಟಿರಬೇಕು ಎಂದು ಹೇಳಿ ಮಾಲೀಕ ಫೋನಿಟ್ಟ.

“ಸತ್ತವರ ಹೆಸರು ಉದ್ದ ಇತ್ತಾ?” ಎಂದು ಅತ್ತಿಗೆ ಕೇಳಿದಳು.

ಮಾಲೀಕ ಹೆಸರು ಹೇಳಿದ. ಹೇಳಿ ಮುಗಿಸುವ ಮೊದಲೇ ಅವಳು ಕುರ್ಚಿ ಎಳೆದುಕೊಂಡಿದ್ದಳು.

ಪರೀಕ್ಷೆ ಓಡಿಸಿದಳು. ಎಲ್ಲ ಹಸಿರು. ಎತ್ತಿಟ್ಟ ಚಿತ್ರವೇ ತಪ್ಪಾದರೆ ಬೇರೇನು ಬಂದೀತು? ಅತ್ತೆಯ ಹೆಸರಿನ ಪಟ್ಟಿಯ ಚಿತ್ರ ತೆರೆದಳು. ಮೇಲೆ ಹೊಸ ಲೋಗೋ, ಅದರ ಕೆಳಗೆ ಎರಡು ಸಾಲು ಹೆಸರು, ವಯಸ್ಸು, ರಕ್ತದ ಗುಂಪು. ಅಲ್ಲಿಗೆ ಪಟ್ಟಿಯ ಅಂಚು. ದಪ್ಪ ಅಕ್ಷರದ ಸಾಲು ಅಂಚಿನಾಚೆ ಬಿದ್ದುಹೋಗಿತ್ತು. ಹೇಳಬೇಕಾದುದನ್ನು ಪರೀಕ್ಷೆ ಆ ದಿನವೇ ಕೆಂಪಾಗಿ ಹೇಳಿತ್ತು.

“ಎಲ್ಲಾ ನೋಡಿದ್ಯಾ?”

“ಮೊದಲಿನ ಐದಾರು ನೋಡ್ದೆ ಅತ್ತಿಗೆ. ಲೋಗೋ ಬಿಟ್ರೆ ಏನೂ ಬದಲಾಗಿರ್ಲಿಲ್ಲ. ಮಿಕ್ಕಿದ್ದೂ ಹಾಗೇ ಅಂದ್ಕೊಂಡು ಎಲ್ಲಾ ಒಟ್ಟಿಗೇ ಒಪ್ಪಿಬಿಟ್ಟೆ.”

“ನಿಮ್ಮಮ್ಮನ್ನ ನೋಡಿದ್ಯಾ?”

ಅವನು ಪರದೆಯ ಹತ್ತಿರ ಬಂದು ಅಮ್ಮನ ಹೊಸ ಪಟ್ಟಿಯನ್ನು ಆಗ ಮೊದಲ ಸಲ ನೋಡಿದ. ಅವನ ಹೆಂಡತಿಗೆ ಏಳನೇ ತಿಂಗಳು ನಡೆಯುತ್ತಿತ್ತು.

ಮಾಲೀಕ ಕೆಟ್ಟವನಲ್ಲ, ಹೆದರಿದವನು. ಬಾಗಿಲು ಹಾಕಿ ತಗ್ಗಿದ ದನಿಯಲ್ಲಿ ಮಾತಾಡಿದ. ಲೋಗೋ ಚಿಕ್ಕದು ಮಾಡೋಣ, ಹಳೆಯ ಚಿತ್ರಗಳನ್ನು ವಾಪಸು ಇಡೋಣ, ನಾಳೆಯಿಂದ ಎಲ್ಲ ಸರಿಹೋಗುತ್ತದೆ ಎಂದ. ಸತ್ತವರಂತೂ ಎದ್ದು ಬರುವುದಿಲ್ಲ, ಇದ್ದ ಹುಡುಗನನ್ನು ಯಾಕೆ ಬಲಿ ಕೊಡುವುದು ಎಂದ.

“ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಅಷ್ಟೇ ಅತ್ತಿಗೆ ನಾನು ಹೇಳೋದು.”

“ಹಾವು ಇನ್ನೂ ಜನರ ಕೈಗೆ ಸುತ್ಕೊಂಡಿದೆ ಸಾರ್,” ಎಂದಳು ಅವಳು. “ನಾಳೆ ಮುದ್ರಿಸೋದು ಸರಿಹೋಗತ್ತೆ. ಈಗಾಗಲೇ ಕಟ್ಟಿರೋ ಪಟ್ಟಿಗಳ ಗತಿ ಏನು?”

ಆ ಸಾಫ್ಟ್‌ವೇರ್ ಬಳಸುವ ಆಸ್ಪತ್ರೆಗಳು ಆರಿದ್ದವು. ಅವರಿಗೆ ತಿಳಿಸಲು ಫೋನು ಮುಟ್ಟಿದರೆ ನಿಮ್ಮಿಬ್ಬರಿಗೂ ಇಲ್ಲಿ ಜಾಗವಿಲ್ಲ ಎಂದ ಮಾಲೀಕ. ಅವಳು ಮೈದುನನ ಕಡೆ ನೋಡಿದಳು. ಬೇಡ ಎಂದು ಅವನು ಹೇಳಿದ್ದರೆ ಅವಳ ಕೈ ತಡೆಯುತ್ತಿತ್ತೋ ಏನೋ. ಅವನು ಆಸ್ಪತ್ರೆಗಳ ನಂಬರುಗಳನ್ನು ಪರದೆಯ ಮೇಲೆ ತಂದಿಟ್ಟ.

ಆರೂ ಕಡೆಗೆ ಅವಳೇ ಫೋನು ಮಾಡಿದಳು. ಉದ್ದ ಹೆಸರಿನವರ ಪಟ್ಟಿಗಳನ್ನೆಲ್ಲ ಈಗಲೇ ಕತ್ತರಿಸಿ, ಔಷಧಿಯ ವಿವರ ಕೈಯಲ್ಲಿ ಬರೆದು ಕಟ್ಟಿ ಎಂದಳು. ಯಾಕೆ ಎಂದು ಕೇಳಿದವರಿಗೆ ತಪ್ಪು ನಮ್ಮದು ಎಂದಳು. ಒಂದು ಕಡೆ ಬಾಯಿಗೆ ಬಂದಂತೆ ಬೈದರು. ಬೈಗುಳ ಮುಗಿಯುವ ತನಕ ಕಾದು ವಿಷಯ ಮತ್ತೊಮ್ಮೆ ಹೇಳಿದಳು.

ಮನೆಯಲ್ಲಿ ಅತ್ತೆ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕೂತು ಎಲ್ಲ ಕೇಳಿದರು. ಮಗ ತಪ್ಪು ತನ್ನದೇ ಎಂದ. ಅದು ಅವರ ಕಿವಿಗೆ ಹೋಗಲಿಲ್ಲ.

“ನನ್ನ ಹೆಸರಿಟ್ಕೊಂಡು ನನ್ನ ಮಗನ್ನೇ ಕೆಡವಿದ್ಯಲ್ಲೇ,” ಎಂದರು. ಆಮೇಲೆ ಸೊಸೆಯ ಜೊತೆ ಮಾತು ಬಿಟ್ಟರು.

ಇಬ್ಬರ ಕೆಲಸ ಹೋಯಿತು. ಕಂಪನಿ ವರ್ಷದೊಳಗೆ ಮುಚ್ಚಿತು. ಚಾಲಕರ ಮನೆಯವರು ಹೂಡಿದ ಮೊಕದ್ದಮೆಯಲ್ಲಿ ಮೈದುನ ಈಗಲೂ ಕೋರ್ಟಿಗೆ ಅಲೆಯುತ್ತಾನೆ. ಅಂದು ಆರು ಆಸ್ಪತ್ರೆಗಳಲ್ಲಿ ಕತ್ತರಿಸಿದ ಪಟ್ಟಿಗಳಲ್ಲಿ ನಾಲ್ಕರಲ್ಲಿ, ಇರಲೇಬೇಕಿದ್ದ ಔಷಧಿಯ ಸಾಲು ಇರಲಿಲ್ಲ. ಆ ನಾಲ್ವರೂ ಮನೆಗೆ ಹೋದರು.